ಸಾಗಣೆ ದರ ನಿಗದಿ: ಕರಾರಿನ ಷರತ್ತುಗಳಿಗೂ ಬೆಲೆಯುಂಟು

ಬಳ್ಳಾರಿ ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಹೆಬ್ಬಾಳ, ಟ್ರಕ್ ಟರ್ಮಿನಲ್ ಮತ್ತು ಎ.ಪಿ.ಎಂ.ಸಿ. ಪ್ರಾಂಗಣಗಳಿರುವ ಯಶವಂತಪುರ – ಉತ್ತರ ಬೆಂಗಳೂರಿನ ಸರಕು ಸಾಗಣೆಗೆ ಇವು ಮುಖ್ಯ ತಾಣಗಳು. ಇಲ್ಲಿ ಲಾರಿ ಬಾಡಿಗೆಯನ್ನು ಸಾಮಾನ್ಯವಾಗಿ ದೂರ ಮತ್ತು ತೂಕಗಳ ಮೇಲೆ ಕುದುರಿಸಲಾಗುತ್ತದೆ. ಆದರೆ ಲಾಭ-ನಷ್ಟಗಳು ನಿರ್ಧಾರವಾಗುವುದು ಬಹುಮಟ್ಟಿಗೆ ಸರಕುದಾರರು ವಿಧಿಸುವ ಷರತ್ತುಗಳಿಂದ.

ಒಂದು ಉದಾಹರಣೆ

ಹೆಬ್ಬಾಳದ ಲಾರಿ ಮಾಲೀಕರೊಬ್ಬರಿಗೆ ಹುಬ್ಬಳ್ಳಿಗೆ ಸರಕು ಒಯ್ಯಲು ಎರಡು ಕರಾರುಗಳು ಬಂದಿವೆಯೆಂದು ಭಾವಿಸೋಣ. ‘ಅ’ ಸಂಸ್ಥೆಯ ಬಾಡಿಗೆ 30,000 ರೂ.; ಪಾವತಿ 60 ದಿನಗಳ ನಂತರ; ಹಾಲ್ಟಿಂಗ್ ಹಣವಿಲ್ಲ; ಹಮಾಲಿ ಲಾರಿಯವರದೇ. ‘ಆ’ ಸಂಸ್ಥೆಯ ಬಾಡಿಗೆ 28,500 ರೂ.; ಪಾವತಿ 15 ದಿನಗಳಲ್ಲಿ; ಹಾಲ್ಟಿಂಗ್ ಮತ್ತು ಹಮಾಲಿ ಸರಕುದಾರರದು.

ಬಡ್ಡಿ ತಿಂಗಳಿಗೆ ಶೇ. 1.5 ಎಂದಾದರೆ ‘ಅ’ ಕರಾರಿನಲ್ಲಿ 900 ರೂ. ಬಡ್ಡಿಗೇ ಹೋಗುತ್ತದೆ. ಕಂತು, ಚಾಲಕರ ಸಂಬಳ, ವಿಮೆ, ತೆರಿಗೆಗಳು ಸೇರಿ ಲಾರಿಯ ಸ್ಥಿರ ವೆಚ್ಚ ತಿಂಗಳಿಗೆ 75,000 ರೂ., ದುಡಿಯುವ ದಿನಗಳು 25 ಎಂದಿಟ್ಟುಕೊಂಡರೆ, ಗೋದಾಮಿನ ಮುಂದೆ ಕಾಯುವ ಒಂದು ದಿನಕ್ಕೆ 3,000 ರೂ. ತಗಲುತ್ತದೆ. ಹಮಾಲಿ 600 ರೂ. ಇವನ್ನು ಕಳೆದು ಉಳಿಯುವುದು 25,500 ರೂ. ‘ಆ’ ಕರಾರಿನಲ್ಲಿ ಬಡ್ಡಿ 214 ರೂ. ಮಾತ್ರ, ಉಳಿಯುವುದು 28,286 ರೂ. ಇತರ ವೆಚ್ಚಗಳು ಎರಡರಲ್ಲೂ ಸಮನಾಗಿರುವುದರಿಂದ, ಕಡಿಮೆ ದರದ ಕರಾರೇ ಪ್ರತಿ ಟ್ರಿಪ್ಪಿಗೆ 2,786 ರೂ. ಹೆಚ್ಚು ಕೊಡುತ್ತದೆ. ನಗರದಲ್ಲಿ ಭಾರಿ ವಾಹನಗಳಿಗೆ ಹಗಲಿನ ಪ್ರವೇಶ ನಿರ್ಬಂಧಗಳಿರುವುದರಿಂದ ಕಾಯುವ ವೆಚ್ಚವನ್ನು ಅಲಕ್ಷಿಸಲಾಗದು.

ಡೀಸೆಲ್ ಷರತ್ತು

ರಾಜ್ಯದಲ್ಲಿ ಮಾರಾಟ ತೆರಿಗೆಯ ಏರಿಕೆಯಿಂದ ಡೀಸೆಲ್ ಬೆಲೆ 2024ರ ಜೂನ್‌ನಲ್ಲಿ ಲೀಟರಿಗೆ ಸುಮಾರು 3 ರೂ., 2025ರ ಏಪ್ರಿಲ್‌ನಲ್ಲಿ ಸುಮಾರು 2 ರೂ. ಹೆಚ್ಚಿತು. ಎರಡನೆಯ ಏರಿಕೆಯ ಬೆನ್ನಲ್ಲೇ ಲಾರಿ ಮಾಲೀಕರು ಮುಷ್ಕರ ಹೂಡಿದರು. ಹೋಗಿಬರುವ 800 ಕಿ.ಮೀ.ಗೆ, ಲೀಟರಿಗೆ 4 ಕಿ.ಮೀ.ಯಂತೆ, 200 ಲೀಟರ್ ಬೇಕು. ಅಂದರೆ 2024ರ ಜೂನ್‌ಗೆ ಮುಂಚೆ ಸ್ಥಿರ ದರಕ್ಕೆ ಒಪ್ಪಿದವರಿಗೆ ಈ ಎರಡು ಏರಿಕೆಗಳಿಂದಲೇ ಟ್ರಿಪ್ಪಿಗೆ 1,000 ರೂ. ಹೊರೆ. ಕರಾರಿನ ದಿನದ ಡೀಸೆಲ್ ದರವನ್ನು ನಮೂದಿಸಿ, ಪ್ರತಿ ರೂಪಾಯಿ ಏರಿಳಿತಕ್ಕೆ ಬಾಡಿಗೆಯಲ್ಲಿ 200 ರೂ. ವ್ಯತ್ಯಾಸವೆಂದು ಬರೆದುಕೊಂಡರೆ ಉಭಯತ್ರರಿಗೂ ನ್ಯಾಯ.

ಹೊಣೆ ಮತ್ತು ಪಾವತಿ

1865ರ ಕಾಯಿದೆಯ ಸ್ಥಾನದಲ್ಲಿ 2011ರ ಮಾರ್ಚ್ 1ರಿಂದ ಜಾರಿಗೆ ಬಂದ 2007ರ ರಸ್ತೆ ಸಾಗಣೆ ಕಾಯಿದೆ ಹಾಗೂ ಅದರ ನಿಯಮಗಳಂತೆ, ಸರಕುದಾರರು ಹೆಚ್ಚಿನ ಮೌಲ್ಯ ಘೋಷಿಸದಿದ್ದರೆ, ಸರಕು ನಷ್ಟಕ್ಕೆ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. 8 ಲಕ್ಷ ರೂ. ಸರಕಿಗೆ 30,000 ರೂ. ಬಾಡಿಗೆ ಎಂದಾದರೆ ಮಿತಿ 3 ಲಕ್ಷ ರೂ. ಪೂರ್ಣ ಹೊಣೆ ಬೇಕೆನ್ನುವ ಸರಕುದಾರರು ಮೌಲ್ಯ ಘೋಷಿಸಿ ಹೆಚ್ಚಿನ ದರ ತೆರಬೇಕಾಗಬಹುದು. ಇಲ್ಲವೇ ತಾವೇ ವಿಮೆ ಮಾಡಿಸಬೇಕು. ನಷ್ಟದ ಲಿಖಿತ ನೋಟಿಸನ್ನು ಬುಕಿಂಗ್ ದಿನದಿಂದ 180 ದಿನಗಳೊಳಗೆ ಕೊಡಬೇಕೆಂಬುದನ್ನು ವರ್ತಕರು ಮರೆಯಬಾರದು.

ಉದ್ಯಮ್ ನೋಂದಣಿಯುಳ್ಳ ಕಿರು ಅಥವಾ ಸಣ್ಣ ಸಾಗಣೆದಾರರಿಗೆ, 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯಂತೆ, ಲಿಖಿತ ಕರಾರಿದ್ದರೂ 45 ದಿನಗಳಿಗೆ ಮೀರಿ ಪಾವತಿ ತಡೆಯುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಮಾಸಿಕ ಚಕ್ರಬಡ್ಡಿಯ ಲೆಕ್ಕದಲ್ಲಿ, ಸಲ್ಲುತ್ತದೆ. ಆದ್ದರಿಂದ ಅಂಥವರ ವಿಷಯದಲ್ಲಿ ‘ಅ’ ಸಂಸ್ಥೆಯ 60 ದಿನಗಳ ಷರತ್ತು ನಿಲ್ಲದು.

ಕರಾರಿಗೆ ಸಹಿ ಹಾಕುವ ಮುನ್ನ ಪಾವತಿ ಅವಧಿ, ಹಾಲ್ಟಿಂಗ್, ಹಮಾಲಿ, ಡೀಸೆಲ್, ಹೊಣೆ, ಖಾಲಿ ವಾಪಸಾತಿ, ಜಿ.ಎಸ್.ಟಿ. ಯಾರದೆಂಬುದು – ಈ ಏಳಕ್ಕೂ ರೂಪಾಯಿ ಲೆಕ್ಕ ಹಾಕುವುದು ಒಳಿತು. ದರದಲ್ಲಿ ರಿಯಾಯಿತಿ ಬಯಸುವ ಸಣ್ಣ ಕೈಗಾರಿಕೆಗಳಿಗೂ ಇದರಲ್ಲಿ ಪಾಠವಿದೆ: ಲಾರಿಯನ್ನು ಬೇಗ ಬಿಟ್ಟುಕೊಟ್ಟು, ಹಣವನ್ನು ಸಕಾಲದಲ್ಲಿ ಕೊಡುವವರು ಕಡಿಮೆ ಬಾಡಿಗೆಯನ್ನು ಹಕ್ಕಿನಿಂದ ಕೇಳಬಹುದು.