ಇರುವೆಯ ಬೇಸಾಯವೂ ಅದರ ಔಷಧವೂ

ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆಯನ್ನು ನಮ್ಮ ರೈತರೆಲ್ಲರೂ ಬಲ್ಲರು. ಅದು ಗೆದ್ದಲು ಹುತ್ತದೊಳಗೆ ಸಾಕಿದ ಬೆಳೆಯೇ ಆಗಿರುತ್ತದೆ. ಇದರಂತೆಯೇ ಅಮೆರಿಕ ಖಂಡಗಳ ಉಷ್ಣಪ್ರದೇಶಗಳಲ್ಲಿ ಅಣಬೆಯ ಸಾಗುವಳಿ ಮಾಡುವ ಇರುವೆಗಳುಂಟು. ಅವು ಎಲೆಯ ಚೂರು, ಹುಳುಗಳ ಹಿಕ್ಕೆ ಮೊದಲಾದುವನ್ನು ಗೂಡಿಗೆ ತಂದು, ಅವುಗಳ ಮೇಲೆ ಅಣಬೆಯನ್ನು ಬೆಳೆಸಿ, ಅದನ್ನೇ ಆಹಾರವಾಗಿ ಸೇವಿಸುತ್ತವೆ. ಈ ಬೇಸಾಯವು ಕೋಟ್ಯಂತರ ವರ್ಷಗಳಿಂದ ನಡೆದುಬಂದಿರುವುದೆಂದು ಶಾಸ್ತ್ರಜ್ಞರ ಅಭಿಪ್ರಾಯ.

ಈ ಬೆಳೆಗೂ ರೋಗವುಂಟು. ಎಸ್ಕೊವೊಪ್ಸಿಸ್ ಎಂಬ ಬೂಷ್ಟು ತಗುಲಿದರೆ ಅಣಬೆಯ ತೋಟವು ಕೆಟ್ಟು ಗೂಡೇ ಹಾಳಾಗಬಹುದು. ಒಂದೇ ಬೆಳೆಯನ್ನು ನಂಬಿದ ಇರುವೆಯು ಇದನ್ನು ತಡೆಯುವುದು ಹೇಗೆ? ಅನೇಕ ಇರುವೆಗಳ ಮೈಮೇಲೆ ಬೆಳ್ಳನೆಯ ಪುಡಿಯೊಂದು ಕಾಣುತ್ತದೆ. ಅದು ಬ್ಯಾಕ್ಟೀರಿಯಗಳ ಸಮೂಹವೆಂದೂ, ಅವು ಉತ್ಪತ್ತಿ ಮಾಡುವ ದ್ರವ್ಯವು ಆ ಬೂಷ್ಟನ್ನು ಅಡಗಿಸುವುದೆಂದೂ ಕ್ಯಾಮೆರಾನ್ ಕರಿ ಮತ್ತು ಸಹೋದ್ಯೋಗಿಗಳು 1999ರಲ್ಲಿ ತೋರಿಸಿದರು.

ಮಣ್ಣಿನ ಸೂಕ್ಷ್ಮಜೀವಿಯಿಂದ 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತ ಬಳಿಕ ಮಣ್ಣನ್ನೇ ಶೋಧಿಸುತ್ತ ಬಂದವರಿಗೆ ಕಾಲಕ್ರಮದಲ್ಲಿ ಹಳೆಯ ದ್ರವ್ಯಗಳೇ ಮತ್ತೆ ಮತ್ತೆ ಸಿಕ್ಕತೊಡಗಿದುವು. ಆದಕಾರಣ ಈಗ ಕೀಟಗಳ ಕಡೆಗೂ ದೃಷ್ಟಿ ಹರಿದಿದೆ.

ಶೋಧನೆಯ ಕ್ರಮವು ಹೀಗಿದೆ. ಇರುವೆಯ ಮೈಮೇಲಿನ ಪುಡಿಯನ್ನು ಸೂಜಿಯಿಂದ ತೆಗೆದು ಪೋಷಕವಸ್ತುಗಳುಳ್ಳ ತಟ್ಟೆಯಲ್ಲಿ ಬೆಳೆಸುವರು. ಬೇರ್ಪಡಿಸಿದ ಬ್ಯಾಕ್ಟೀರಿಯದ ಎದುರಿಗೆ ರೋಗದ ಬೂಷ್ಟನ್ನು ನೆಡುವರು. ನಡುವೆ ಬೂಷ್ಟು ಹಬ್ಬದ ಬಯಲು ಉಳಿದರೆ ಅಲ್ಲಿ ತಡೆಯುವ ದ್ರವ್ಯವಿರಬಹುದೆಂದು ಊಹಿಸುವರು. ಬಳಿಕ ಅದನ್ನು ದ್ರಾವಕಗಳಿಂದ ಸೆಳೆದು, ಶುದ್ಧಿಗೊಳಿಸಿ, ರಚನೆಯನ್ನು ನಿರ್ಣಯಿಸುವರು.

ಹೀಗೆ 2009ರಲ್ಲಿ ಪ್ರಕಟವಾದುದು ಡೆಂಟಿಜೆರುಮೈಸಿನ್. ಅದರ ವಿಶೇಷವೇನೆಂದರೆ, ರೋಗದ ಬೂಷ್ಟನ್ನು ತಡೆಯುವಷ್ಟು ಪ್ರಮಾಣದಲ್ಲಿ ಅದು ಇರುವೆಯ ಅಣಬೆಯನ್ನು ಬಾಧಿಸುವುದಿಲ್ಲ. 2019ರಲ್ಲಿ ಬ್ರೆಜಿಲ್ ದೇಶದ ಇರುವೆಯೊಂದರ ಬ್ಯಾಕ್ಟೀರಿಯದಿಂದ ಸೈಫೊಮೈಸಿನ್ ದೊರೆಯಿತು. ಬಳಕೆಯ ಔಷಧಗಳಿಗೆ ಬಗ್ಗದ ಕೆಲವು ರೋಗಕಾರಕ ಶಿಲೀಂಧ್ರಗಳನ್ನು ಅದು ತಡೆದುದು ಪ್ರಯೋಗಗಳಲ್ಲಿ ಕಂಡುಬಂದಿತು. ಆದರೆ ಇಂಥ ದ್ರವ್ಯವು ಔಷಧವೆನಿಸಬೇಕಾದರೆ ದೀರ್ಘಕಾಲದ ಪರೀಕ್ಷೆಗಳು ಅವಶ್ಯ.

ರೈತರು ಮನಗಾಣತಕ್ಕ ಅಂಶ ಇನ್ನೊಂದುಂಟು. ಇರುವೆಯು ಔಷಧವೊಂದನ್ನೇ ನಂಬಿ ಕುಳಿತಿಲ್ಲ. ತೋಟವನ್ನು ಸದಾ ಶುಚಿಮಾಡಿ, ರೋಗ ತಗುಲಿದ ಭಾಗವನ್ನು ಕಿತ್ತು ಹೊರಹಾಕುತ್ತದೆ. ನಾವೂ ಮೊದಲು ರೋಗದ ಗಿಡವನ್ನು ಗುರುತಿಸಿ ತೆಗೆದು, ಅಗತ್ಯವಿದ್ದಲ್ಲಿ ಮಾತ್ರ ತಕ್ಕ ಔಷಧವನ್ನು ಹಿತಮಿತವಾಗಿ ಬಳಸುವುದು ಲೇಸು. ಕಂಡಕಂಡಲ್ಲಿ ವಿಷವನ್ನು ಸಿಂಪಡಿಸಿದರೆ ಶತ್ರುವಿನೊಡನೆ ಮಿತ್ರಕೀಟಗಳೂ ಸಾಯುವುವು. ಅವುಗಳ ಮೈಮೇಲೆ ನಾವಿನ್ನೂ ಅರಿಯದ ಔಷಧವಿದ್ದರೆ ಅದೂ ಅವುಗಳೊಡನೆಯೇ ಅಳಿಯುವುದು.