ಬಿರುಕುಬಿಟ್ಟ ಎರಕ

ಕಬ್ಬಿಣವೆಲ್ಲ ಒಂದೇ ಜಾತಿಯದೆಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆ ತಪ್ಪೆಂದು ತಿಳಿದದ್ದು 1988ರ ಮುಂಗಾರಿನಲ್ಲಿ, ಸೊರಬದ ಕಡೆಯ ನಮ್ಮ ಭಾವನವರ ಹಳೆಯ ಟ್ರ್ಯಾಕ್ಟರು ಗದ್ದೆಯ ನಡುವೆ ನಿಂತುಹೋದಾಗ.

ಅಂದು ರೇಡಿಯೇಟರಿನ ನೀರು ಬತ್ತಿದ್ದುದನ್ನು ಯಾರೂ ಗಮನಿಸಿರಲಿಲ್ಲ. ಎಂಜಿನು ಕಾದು ಹಬೆಯಾಡತೊಡಗಿತು. ನಡೆಸುತ್ತಿದ್ದ ಹುಡುಗ ಗಾಬರಿಗೊಂಡು ಕೆರೆಯ ತಣ್ಣೀರನ್ನು ತಂದು ಅದರ ಮೇಲೆ ಸುರಿದ. 'ಠಣ್' ಎಂಬ ಸದ್ದಾಯಿತು. ನೋಡಿದರೆ ಎಂಜಿನ್ನಿನ ಹೊರಮೈಯಲ್ಲಿ ಗೇಣುದ್ದದ ಬಿರುಕು! ನಾಟಿಗೆ ಹದಿನೈದು ದಿನವೂ ಉಳಿದಿರಲಿಲ್ಲ. ಹೊಸ ಭಾಗವನ್ನು ತರಿಸಲು ಹಣವೂ ಇರಲಿಲ್ಲ, ವೇಳೆಯೂ ಇರಲಿಲ್ಲ.

ಎಂಜಿನ್ನಿನ ಮೈ ಎರಕದ ಕಬ್ಬಿಣದ್ದು. ಜನ ಇದನ್ನು ಬೀಡು ಎನ್ನುತ್ತಾರೆ. 1923ರಲ್ಲಿ ಭದ್ರಾವತಿಯ ಕಾರ್ಖಾನೆಯು ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡುಗಳ ಇದ್ದಿಲಿನಿಂದ ಕರಗಿಸಿ ತೆಗೆಯಲಾರಂಭಿಸಿದ್ದೂ ಬೀಡುಕಬ್ಬಿಣವನ್ನೇ. ಇದರಲ್ಲಿ ನೂರಕ್ಕೆ ಸುಮಾರು 3 ಪಾಲು ಇಂಗಾಲ ಬೆರೆತಿರುತ್ತದೆ. ಆದುದರಿಂದಲೇ ಅದು ಉಕ್ಕಿಗಿಂತ ಕಡಿಮೆ ಶಾಖಕ್ಕೆ ಕರಗಿ, ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಆದರೆ ಆ ಇಂಗಾಲದ ಬಹುಪಾಲು ಗ್ರಾಫೈಟಿನ ತೆಳುಪದರಗಳಾಗಿ ಲೋಹದೊಳಗೆ ಹರಡಿರುತ್ತದೆ. ಅವು ಒಳಗಿನ ಸಣ್ಣ ಸೀಳುಗಳಂತೆಯೇ ಸರಿ. ಪೆಟ್ಟು ಬಿದ್ದರೆ ಗುದ್ದಲಿ ಬಾಗುತ್ತದೆ, ಬೀಡಿನ ಬಾಣಲೆ ಒಡೆಯುತ್ತದೆ.

ಹತ್ತಿರದ ಅಂಗಡಿಯೊಂದರಲ್ಲಿ ಅಂದು ಸಂಜೆಯೇ ಸಾಮಾನ್ಯ ಉಕ್ಕಿನ ಕಡ್ಡಿಯಿಂದ ಒಂದೇ ಉಸಿರಿಗೆ ಬೆಸುಗೆ ಹಾಕಿಸಿದೆವು. ಮರುದಿನ ಬೆಳಗಾಗುವಷ್ಟರಲ್ಲಿ ಬೆಸುಗೆಯ ಪಕ್ಕದಲ್ಲಿ ಇನ್ನೊಂದು ಬಿರುಕು ಮೂಡಿತ್ತು. ಕಾದ ಜಾಗ ಆರುವಾಗ ಕುಗ್ಗುತ್ತದೆ. ಸುತ್ತಲಿನ ತಣ್ಣನೆಯ ಲೋಹ ಅದನ್ನು ಕುಗ್ಗಗೊಡುವುದಿಲ್ಲ. ಈ ಜಗ್ಗಾಟದಲ್ಲಿ, ಬೇಗ ಆರಿ ಗಾಜಿನಂತೆ ಗಡುಸಾದ ಬೆಸುಗೆಯ ಅಂಚು ಸೀಳುತ್ತದೆ.

ಟ್ರ್ಯಾಕ್ಟರನ್ನು ಎಳೆಸಿಕೊಂಡು ಶಿಕಾರಿಪುರಕ್ಕೆ ಹೋದೆವು. ಅಲ್ಲಿದ್ದ ವೃದ್ಧ ಮೇಸ್ತ್ರಿ ಬಿರುಕನ್ನು ನೋಡಿ, “ಇದರ ತುದಿ ಎಲ್ಲಿದೆ ಮೇಷ್ಟ್ರೇ, ತೋರಿಸಿ” ಎಂದರು. ತೋರಿಸಿದೆ. ಅವರು ಸೀಮೆಎಣ್ಣೆಯನ್ನು ಸವರಿ, ಬಟ್ಟೆಯಿಂದ ಒರೆಸಿ, ನನ್ನ ಜೇಬಿನಲ್ಲಿದ್ದ ಸೀಮೆಸುಣ್ಣವನ್ನು ಕೇಳಿ ಪಡೆದು ಪುಡಿಮಾಡಿ ಬಳಿದರು. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಮೇಲೆ ಒಸರಿ, ಬಿಳುಪಿನ ಮೇಲೆ ಕಪ್ಪು ಗೆರೆ ಎಳೆಯಿತು. ನಾನು ತೋರಿಸಿದ ತುದಿಗಿಂತ ಅದು ಎರಡು ಬೆರಳು ಮುಂದಕ್ಕಿತ್ತು! ಹದಿನಾರಾಣೆ ಪಾಠವನ್ನು ನಾನು ಕಲಿತದ್ದು ನನ್ನದೇ ಸೀಮೆಸುಣ್ಣದಿಂದ.

ಮೇಸ್ತ್ರಿ ಆ ಎರಡು ತುದಿಗಳಲ್ಲಿಯೂ ಸಣ್ಣ ರಂಧ್ರ ಕೊರೆದರು. ಬಿರುಕಿನ ಚೂಪುತುದಿಯಲ್ಲಿ ಬಲವೆಲ್ಲ ಒಟ್ಟುಗೂಡುತ್ತದೆ. ದುಂಡನೆಯ ರಂಧ್ರದ ಅಂಚಿನಲ್ಲಿ ಅದು ಹಂಚಿಹೋಗುತ್ತದೆ, ಬಿರುಕು ಮುಂದೆ ಓಡದು. ಬಳಿಕ ಹಳೆಯ ಬೆಸುಗೆಯನ್ನು ಉಜ್ಜಿ ತೆಗೆದು, ಬಿರುಕಿನುದ್ದಕ್ಕೂ ಇಳಿಜಾರು ಕಾಲುವೆ ಮಾಡಿ, ಎಣ್ಣೆಯ ಪಸೆಯನ್ನು ಸುಟ್ಟು ಕಳೆದರು. ಬೆಸುಗೆಗೆ ಬಳಸಿದ್ದು ನಿಕ್ಕಲ್ ಕಡ್ಡಿ. ನಿಕ್ಕಲ್ ಇಂಗಾಲದೊಡನೆ ಕೂಡಿ ಗಡುಸಾಗುವುದಿಲ್ಲ. ಮೆತುವಾಗಿದ್ದು ಎಳೆತಕ್ಕೆ ಹಿಗ್ಗಿಕೊಡುತ್ತದೆ. ಒಂದಂಗುಲ ಬೆಸೆಯುವುದು, ಬಿಸಿಯಿರುವಾಗಲೇ ದುಂಡುಮೂತಿಯ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಹಿಗ್ಗಿಸುವುದು, ಅಂಗೈ ಇಟ್ಟರೆ ಸುಡದಷ್ಟು ಆರುವವರೆಗೆ ಸುಮ್ಮನೆ ಕೂರುವುದು. ಮುಂದಿನ ಅಂಗುಲ ಆಮೇಲೆ. ಭಾವನವರ ತಾಳ್ಮೆ ತಪ್ಪಿತು. “ಒಂದೇ ಸಲ ಎಳೆದುಬಿಡಬಾರದೇ?” ಎಂದರು. “ಹಾಗೆ ಎಳೆದದ್ದನ್ನೇ ಅಲ್ಲವೇ ಸ್ವಾಮಿ, ಈಗ ಕಿತ್ತದ್ದು?” ಎಂದು ಮೇಸ್ತ್ರಿ ಬೀಡಿ ಹಚ್ಚಿದರು.

ಒಡೆದಿದ್ದ ಅಲ್ಯೂಮಿನಿಯಂ ಮುಚ್ಚಳವನ್ನು ಮಾತ್ರ ಅವರು ಮುಟ್ಟಲಿಲ್ಲ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅದರ ಮೇಲಿನ ಆಕ್ಸೈಡಿನ ಪೊರೆ ಕರಗಲು 2000 ಡಿಗ್ರಿಯೂ ಸಾಲದು. ಕಬ್ಬಿಣದಂತೆ ಕೆಂಪೇರಿ ಎಚ್ಚರಿಕೆಯನ್ನೂ ಕೊಡದೆ ತಟ್ಟನೆ ಕುಸಿಯುತ್ತದೆ. ಆರ್ಗಾನ್ ಅನಿಲದ ಮರೆಯಲ್ಲಿ ಬೆಸೆಯುವವರ ಬಳಿಗೆ ಒಯ್ಯಲು ಹೇಳಿ, ಅದನ್ನು ಹಿಂದಕ್ಕೆ ಕೊಟ್ಟರು.

ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿಯಿತು. ನೀರು ತುಂಬಿ, ಬೆಸುಗೆಯ ಮೇಲೆ ಮತ್ತೆ ಸೀಮೆಸುಣ್ಣ ಬಳಿದು, ಎಂಜಿನ್ನನ್ನು ಅರ್ಧ ಗಂಟೆ ಓಡಿಸಿದರು. ನಾವು ಮೂವರೂ ಲಾಟೀನು ಹಿಡಿದು ಬಾಗಿ ನೋಡಿದೆವು. ಬಿಳುಪು ಬಿಳುಪಾಗಿಯೇ ಇದ್ದಿತು. ಆ ವರ್ಷ ಸಸಿಮಡಿಯಲ್ಲಿ ಸಸಿ ನಾಲ್ಕು ದಿನ ಹೆಚ್ಚು ಬಲಿತಿತ್ತು; ನಾಟಿ ಮಾತ್ರ ನಿಲ್ಲಲಿಲ್ಲ.