ಮಕ್ಕಳ ಎಂ.ಎಸ್‌ಸಿ. ಅರ್ಜಿ: ಬೆಳೆಗಾರರ ಮನೆಯಲ್ಲಿ ಮೊದಲೇ ಆಗಬೇಕಾದ ಕೆಲಸ



ಈ ಸಂಚಿಕೆಯ ಪಾಠ ಗೊಬ್ಬರದ್ದಲ್ಲ, ಬೋರ್ಡೋ ದ್ರಾವಣದ್ದೂ ಅಲ್ಲ. ಕೃಷಿ ಅಥವಾ ತೋಟಗಾರಿಕೆ ಪದವಿಯ ಕೊನೆಯ ವರ್ಷದಲ್ಲಿರುವ ಮಗ ಅಥವಾ ಮಗಳನ್ನು ಎಂ.ಎಸ್‌ಸಿ.ಗೆ ಸೇರಿಸಲು ಹಾಕುವ ಅರ್ಜಿಯದು. ಈ ವಿಷಯವನ್ನು ಎತ್ತಿಕೊಳ್ಳಲು ಕಾರಣ ನಮ್ಮಿಂದಲೇ ಆದ ಒಂದು ತಪ್ಪು.

ಹೋದ ವರ್ಷ ನಮ್ಮ ಸದಸ್ಯರೊಬ್ಬರು ಮಗಳ ಕಾಗದಪತ್ರಗಳನ್ನು ಹಿಡಿದು ಸಂಘದ ಕಚೇರಿಗೆ ಬಂದಿದ್ದರು. ನಾಡಕಚೇರಿಯಿಂದ ತಂದ ಜಾತಿ-ಆದಾಯದ ಪತ್ರವನ್ನು ತೋರಿಸಿ, ‘ಸೆಕ್ರೆಟರಿಯವರೇ, ಇಷ್ಟು ಸಾಕಾ?’ ಎಂದು ಕೇಳಿದರು. ನಾವು ಕಣ್ಣಾಡಿಸಿ ‘ಸಾಕು’ ಎಂದೆವು. ಸಾಲಲಿಲ್ಲ. ಅದು ರಾಜ್ಯದ ನಮೂನೆಯ ಪತ್ರ. ಅಖಿಲ ಭಾರತ ಸೀಟಿಗೆ ಬೇಕಾಗಿದ್ದುದು ಕೇಂದ್ರದ ನಮೂನೆಯ ಹಿಂದುಳಿದ ವರ್ಗಗಳ ಪತ್ರ. ದಾಖಲೆ ಪರಿಶೀಲನೆಯಲ್ಲಿ ಹುಡುಗಿಯನ್ನು ಸಾಮಾನ್ಯ ವರ್ಗಕ್ಕೆ ಸೇರಿಸಿದರು. ಬಯಸಿದ ಸೀಟು ಕೈತಪ್ಪಿತು. ಓದಿದ್ದು ಅವಳು, ಒಂದು ವರ್ಷ ಕಳೆದುಕೊಂಡದ್ದೂ ಅವಳು. ಇನ್ನೊಬ್ಬರಿಗೆ ಹೀಗಾಗಬಾರದೆಂದು ಈ ಪಾಠ.

1. ಮೊದಲು ವಿಷಯದ ಆಯ್ಕೆ

ಎಂ.ಎಸ್‌ಸಿ. ಎಂದರೆ 2 ವರ್ಷ, ನಾಲ್ಕು ಸೆಮಿಸ್ಟರ್. ಪಾಠಗಳ ಜೊತೆಗೆ ಸ್ವಂತ ಸಂಶೋಧನೆ ಮಾಡಿ ಪ್ರಬಂಧ ಬರೆಯಬೇಕು. ಕೀಟಶಾಸ್ತ್ರ, ಸಸ್ಯರೋಗಶಾಸ್ತ್ರ, ಮಣ್ಣು ವಿಜ್ಞಾನ, ತಳಿ ಅಭಿವೃದ್ಧಿ, ಕೃಷಿ ಅರ್ಥಶಾಸ್ತ್ರ, ತೋಟದ ಬೆಳೆಗಳು, ಹೀಗೆ ವಿಭಾಗಗಳಿವೆ. ‘ಯಾವುದಾದರೂ ಸಿಗಲಿ’ ಎಂದು ಹೊರಡುವುದು ತರವಲ್ಲ. ಅರೇಬಿಕಾದ ಬಿಳಿ ಕಾಂಡಕೊರಕವನ್ನು ಕಂಡು ಬೆಳೆದ ಮಗುವಿಗೆ ಕೀಟಶಾಸ್ತ್ರ, ಅಡಿಕೆಯ ಎಲೆಚುಕ್ಕಿ, ಹಳದಿ ಎಲೆ ರೋಗದ ನಡುವೆ ಬೆಳೆದ ಮಗುವಿಗೆ ಸಸ್ಯರೋಗಶಾಸ್ತ್ರ ಪುಸ್ತಕದ ಹೊರಗೂ ಅರ್ಥವಾಗುತ್ತದೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೋ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಟ್ಲ ಕೇಂದ್ರಕ್ಕೋ ಒಮ್ಮೆ ಕರೆದೊಯ್ದು, ಅಲ್ಲಿ ನಡೆಯುವ ಕೆಲಸವನ್ನು ತೋರಿಸಿ. ಮಗುವಿನ ಒಲವು ಎತ್ತ ಎಂಬುದು ಅಲ್ಲಿ ಗೊತ್ತಾಗುತ್ತದೆ.

2. ಎರಡು ಬಾಗಿಲು

ಒಂದು, ರಾಜ್ಯದ ಬಾಗಿಲು. ಬೆಂಗಳೂರು (1964), ಧಾರವಾಡ (1986) ಕೃಷಿ ವಿಶ್ವವಿದ್ಯಾಲಯಗಳು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ನಮ್ಮ ಮಲೆನಾಡಿಗೆ ಹತ್ತಿರದ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯ ಮೊದಲಾದವು ತಮ್ಮ ಸೀಟುಗಳಿಗೆ ತಾವೇ ಪ್ರಕಟಣೆ ಹೊರಡಿಸುತ್ತವೆ.

ಎರಡು, ಅಖಿಲ ಭಾರತದ ಬಾಗಿಲು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಮೂಲಕ ದೇಶದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಒಂದು ಪಾಲು ಸೀಟಿಗೂ, ದೆಹಲಿಯ ಪೂಸಾದಂಥ ಸಂಸ್ಥೆಗಳಿಗೂ ಸೇರಬಹುದು. 2019ರಿಂದ ಈ ಪರೀಕ್ಷೆಯನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ನಡೆಸುತ್ತಿದೆ. ಎರಡೂ ಬಾಗಿಲನ್ನು ತಟ್ಟುವುದು ಜಾಣತನ. ಆದರೆ ಇವೆರಡರ ಪತ್ರಗಳು ಬೇರೆ ಬೇರೆ ಎಂಬುದನ್ನು ನೆನಪಿಡಬೇಕು.

3 ವರ್ಷದ ಸಾಮಾನ್ಯ ಬಿ.ಎಸ್‌ಸಿ. ಆದವರಿಗೆ ಕೃಷಿ ಎಂ.ಎಸ್‌ಸಿ.ಯ ಬಹುಪಾಲು ವಿಭಾಗಗಳಲ್ಲಿ ಅವಕಾಶವಿಲ್ಲ. 4 ವರ್ಷದ ಕೃಷಿ ಸಂಬಂಧಿ ಪದವಿ ಬೇಕು. ಕೊನೆಯ ವರ್ಷದಲ್ಲಿರುವವರು ಫಲಿತಾಂಶಕ್ಕೆ ಕಾಯದೆ ಅರ್ಜಿ ಹಾಕಬಹುದು.

3. ಪರೀಕ್ಷೆಯ ಸ್ವರೂಪ

ಅಖಿಲ ಭಾರತ ಪರೀಕ್ಷೆಯಲ್ಲಿ 120 ಪ್ರಶ್ನೆ, 2 ಗಂಟೆ. ಸರಿ ಉತ್ತರಕ್ಕೆ 4 ಅಂಕ; ತಪ್ಪಿಗೆ 1 ಅಂಕ ಕಳೆಯುತ್ತಾರೆ. ಗೊತ್ತಿಲ್ಲದ 20 ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರಿಸಿ ಎಲ್ಲವೂ ತಪ್ಪಾದರೆ, ಗೊತ್ತಿದ್ದು ಬರೆದ 5 ಪ್ರಶ್ನೆಗಳ ಅಂಕ ಹೋದಂತೆ. ಅಭ್ಯರ್ಥಿ ಒಂದೇ ವಿಷಯ ಗುಂಪನ್ನು ಆರಿಸಿಕೊಳ್ಳಬೇಕು. ವಿಷಯವನ್ನು ಮೊದಲೇ ನಿಶ್ಚಯಿಸಿ ಎಂದದ್ದು ಇದಕ್ಕೇ. ಈಚಿನ ವರ್ಷಗಳಲ್ಲಿ ಪರೀಕ್ಷೆ ಮಳೆಗಾಲದಲ್ಲೇ ಬೀಳುತ್ತಿದೆ. ಘಟ್ಟದ ರಸ್ತೆ ಯಾವಾಗ ಮುಚ್ಚುತ್ತದೋ ಹೇಳಲಾಗದು. ಹಿಂದಿನ ದಿನವೇ ಪಟ್ಟಣ ಸೇರಿ ನೆಂಟರ ಮನೆಯಲ್ಲಿ ಉಳಿಯುವುದು ಕ್ಷೇಮ.

4. ಪ್ರಮಾಣಪತ್ರ: ನಾವು ಎಡವಿದ ಜಾಗ

ಕೇಂದ್ರದ ಮೀಸಲಾತಿಯಲ್ಲಿ ಇತರ ಹಿಂದುಳಿದ ವರ್ಗಕ್ಕೆ ಶೇ. 27, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 7.5, ಆರ್ಥಿಕವಾಗಿ ದುರ್ಬಲ ವರ್ಗಕ್ಕೆ 10 ಇದೆ. ಇಲ್ಲಿ ಮೂರು ಸಂಗತಿ ತಿಳಿದಿರಬೇಕು.

ಅ) ರಾಜ್ಯದ 2ಎ, 3ಎ ಮೊದಲಾದ ಪ್ರವರ್ಗಗಳ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. ಒಂದರಲ್ಲಿ ಇರುವ ಜಾತಿ ಇನ್ನೊಂದರಲ್ಲಿ ಇದ್ದೇ ಇರುತ್ತದೆಂದು ನಂಬಬೇಡಿ. ಇದ್ದರೆ ‘ಕೇಂದ್ರ ಸರ್ಕಾರದ ಸಂಸ್ಥೆಗಳ ಪ್ರವೇಶಕ್ಕೆ’ ಎಂದು ಸ್ಪಷ್ಟವಾಗಿ ಕೇಳಿ, ಕೆನೆಪದರಕ್ಕೆ ಸೇರಿಲ್ಲವೆಂಬ ಪತ್ರವನ್ನು ಪಡೆಯಬೇಕು. ಆ ವರ್ಷದ ಏಪ್ರಿಲ್ 1ರ ನಂತರದ ತಾರೀಖು ಇರುವ ಪತ್ರವನ್ನೇ ಸಾಮಾನ್ಯವಾಗಿ ಕೇಳುತ್ತಾರೆ.

ಆ) ಕೆನೆಪದರದ ಲೆಕ್ಕದಲ್ಲಿ ಕಾಫಿಗೆ ಬೇರೆ ನಿಯಮವಿದೆ. 1993ರ ಸೆಪ್ಟೆಂಬರ್ 8ರ ಕೇಂದ್ರದ ಆದೇಶದಂತೆ ಗದ್ದೆಯಂಥ ಕೃಷಿ ಜಮೀನಿಗೆ ವಿಸ್ತೀರ್ಣವೇ ಅಳತೆ. ಅದರ ಆದಾಯವನ್ನು ಇತರ ಆದಾಯಕ್ಕೆ ಕೂಡಿಸುವುದಿಲ್ಲ. ಆದರೆ ಕಾಫಿ, ಟೀ, ರಬ್ಬರ್ ಮುಂತಾದ ತೋಟಗಳಿಗೆ ಆದಾಯವೇ ಅಳತೆ. 2017ರಿಂದ ಈ ಮಿತಿ ವರ್ಷಕ್ಕೆ 8 ಲಕ್ಷ ರೂ.; ಸತತ 3 ವರ್ಷ ಅಷ್ಟು ಅಥವಾ ಅದಕ್ಕೂ ಮೇಲಿದ್ದರೆ ಕೆನೆಪದರ. ಮಾವು, ಕಿತ್ತಳೆ, ಸೇಬು ಮುಂತಾದ ತೋಟಗಳನ್ನು ಕೃಷಿ ಜಮೀನೆಂದೇ ಎಣಿಸಬೇಕೆಂದು ಅದೇ ಆದೇಶ ಹೇಳುತ್ತದೆ. ಅಡಿಕೆಯ ಹೆಸರು ಎರಡು ಸಾಲಿನಲ್ಲೂ ಇಲ್ಲ. ಆದ್ದರಿಂದ ಅಡಿಕೆ ಬೆಳೆಗಾರರು ತಮ್ಮ ತೋಟವನ್ನು ಯಾವ ಸಾಲಿಗೆ ಸೇರಿಸಿದ್ದಾರೆಂದು ತಹಸೀಲ್ದಾರರ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ಕಾಫಿಯವರು 3 ವರ್ಷದ ಮಾರಾಟದ ಬಿಲ್ಲುಗಳನ್ನು ಒಟ್ಟಿಗೆ ಕಟ್ಟಿಡಿ. ಸಂಘದ ಮೂಲಕ ಮಾರಿದ್ದರ ಪಟ್ಟಿಯನ್ನು ಕೇಳಿದವರಿಗೆ ಬರೆದುಕೊಡುತ್ತೇವೆ.

ಇ) ಯಾವ ಮೀಸಲಾತಿಗೂ ಸೇರದ ಕುಟುಂಬಗಳಿಗೆ 2019ರಿಂದ ಆರ್ಥಿಕ ದುರ್ಬಲ ವರ್ಗದ ಅವಕಾಶವಿದೆ. ಇಲ್ಲಿ ಕೃಷಿಯೂ ಸೇರಿ ಎಲ್ಲ ಮೂಲದ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರಬೇಕು. ಕುಟುಂಬಕ್ಕೆ 5 ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿ ಜಮೀನಿದ್ದರೆ, ಆದಾಯ ಎಷ್ಟೇ ಕಡಿಮೆ ಇದ್ದರೂ ಪತ್ರ ಸಿಗದು. ಅಣ್ಣ-ತಮ್ಮಂದಿರು ಬಾಯಿಮಾತಿನಲ್ಲಿ ಪಾಲಾಗಿ ಪಹಣಿ ಇನ್ನೂ ಒಟ್ಟಿಗೇ ಇದ್ದರೆ ಇಲ್ಲಿ ತೊಡಕಾಗುತ್ತದೆ. ಪಹಣಿಯನ್ನು ಈಗಲೇ ತೆಗೆಸಿ ನೋಡಿ.

5. ಅರ್ಜಿ ತುಂಬುವಾಗ

ಅರ್ಜಿ ಈಗ ಕಂಪ್ಯೂಟರಿನಲ್ಲೇ. ಪೇಟೆಯ ಸೈಬರ್ ಅಂಗಡಿಯಲ್ಲಿ ತುಂಬಿಸಿದರೂ ಮೊಬೈಲ್ ನಂಬರು, ಇ-ಮೇಲ್ ಮಗುವಿನದೇ ಇರಲಿ. ಸೀಟು ಹಂಚಿಕೆಯ ಸೂಚನೆ ಅಂಗಡಿಯವರ ಫೋನಿಗೆ ಹೋದರೆ ನಮಗೆ ತಿಳಿಯುವುದು ಸಂತೆಯ ದಿನ! ಹೆಸರು, ಇನಿಷಿಯಲ್, ಮನೆತನದ ಹೆಸರು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲೂ ಆಧಾರಿನಲ್ಲೂ ಒಂದೇ ರೀತಿ ಇವೆಯೇ ನೋಡಿ. ಇಲ್ಲದಿದ್ದರೆ ತಿದ್ದುಪಡಿಗೆ ವಾರಗಟ್ಟಲೆ ಬೇಕು. ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ, ತಾತ್ಕಾಲಿಕ ಪದವಿ ಪತ್ರ, ವರ್ಗಾವಣೆ ಪತ್ರ, ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ವಲಸೆ ಪತ್ರ ಒಂದೇ ಕಡತದಲ್ಲಿರಲಿ. ಸೀಟು ಹಂಚಿಕೆಯಾದ ಮೇಲೆ ಹೇಳಿದ ದಿನದೊಳಗೆ ಶುಲ್ಕ ಕಟ್ಟದಿದ್ದರೆ ಸೀಟು ಹೋಗುತ್ತದೆ. ಆ ಹಣವನ್ನು ಗೊಬ್ಬರದ ಹಣದಂತೆ ಬೇರೆ ತೆಗೆದಿಡಿ.

6. ಖರ್ಚಿಗೆ ಆಸರೆ

ಅಖಿಲ ಭಾರತ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಪರಿಷತ್ತಿನ ಮಾಸಿಕ ವಿದ್ಯಾರ್ಥಿವೇತನವಿದೆ. ಸ್ವಂತ ರಾಜ್ಯ ಬಿಟ್ಟು ಹೊರಗೆ ಸೇರುವವರಿಗೆ ಪ್ರತಿಭಾ ವಿದ್ಯಾರ್ಥಿವೇತನವೂ ಇದೆ. ರಾಜ್ಯದಲ್ಲಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದಿಗೆ ವರ್ಷಕ್ಕೆ ಗಂಡುಮಕ್ಕಳಿಗೆ 10,000, ಹೆಣ್ಣುಮಕ್ಕಳಿಗೆ 11,000 ರೂ. ನಿಗದಿಯಾಗಿತ್ತು. ಈ ಸಾಲಿನ ಸ್ಥಿತಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಫ್ರೂಟ್ಸ್ ನೋಂದಣಿ ಆಗಿಲ್ಲದವರು ಮೊದಲು ಅದನ್ನು ಮಾಡಿಸಿಕೊಳ್ಳಿ.

ಮನೆಯಲ್ಲಿ ಕೂತು ಉತ್ತರಿಸಬೇಕಾದ ಪ್ರಶ್ನೆಗಳು

1) ಮಗು ಆರಿಸಿದ ವಿಷಯ ಯಾವುದು? ಏಕೆ?
2) ನಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ?
3) ಪಹಣಿ ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ?
4) 3 ವರ್ಷದ ಬಿಲ್ಲುಗಳು ಎಲ್ಲಿವೆ?

ಕೊನೆಯದಾಗಿ ಒಂದು ಮಾತು. ಆ ಹುಡುಗಿ ಈ ವರ್ಷ ಸರಿಯಾದ ಪತ್ರದೊಂದಿಗೆ ಮತ್ತೆ ಅರ್ಜಿ ಹಾಕಿದ್ದಾಳೆ. ಈ ಪಾಠದ ಕರಡನ್ನು ಓದಿ ತಿದ್ದಿದವಳೂ ಅವಳೇ. ‘ಸಾಕು ಎಂದು ಹೇಳುವ ಮೊದಲು ಸೂಚನಾ ಪುಸ್ತಕ ಓದಿ ಎಂದು ಬರೆಯಿರಿ, ಅಂಕಲ್’ ಎಂದಳು. ಬರೆದಿದ್ದೇವೆ. ಇನ್ನು ಮುಂದೆ ಕಚೇರಿಗೆ ಬರುವವರ ಎದುರಿಗೇ ಸೂಚನಾ ಪುಸ್ತಕ ತೆರೆದು ನೋಡಿ ಉತ್ತರ ಹೇಳುತ್ತೇವೆ.

— ಕಾರ್ಯದರ್ಶಿ